ಫಿಲ್ಟರಿನ ಲೆಕ್ಕ ಬೇರೆ, ಕೋಣೆಯ ಲೆಕ್ಕ ಬೇರೆ

ಏರ್ ಪ್ಯೂರಿಫೈಯರ್‌ಗಳ ಪೆಟ್ಟಿಗೆಯ ಮೇಲೆ ದಪ್ಪಕ್ಷರಗಳಲ್ಲಿ ಸಾಮಾನ್ಯವಾಗಿ ಕಾಣಿಸುವ ಅಂಕಿ ಶೇಕಡಾ 99.97. ಆ ಅಂಕಿ ಸುಳ್ಳಲ್ಲ. ಆದರೆ ಅದು ಯಂತ್ರದೊಳಗಿನ ಫಿಲ್ಟರ್ ಹಾಳೆಯ ಗುಣವನ್ನು ಹೇಳುತ್ತದೆಯೇ ಹೊರತು, ಯಂತ್ರವನ್ನಿಟ್ಟ ಕೋಣೆಯಲ್ಲಿ ಮಲಗುವವರು ಎಂಥ ಗಾಳಿಯನ್ನು ಉಸಿರಾಡುತ್ತಾರೆ ಎಂಬುದನ್ನು ಹೇಳುವುದಿಲ್ಲ. ದಮ್ಮಿನಿಂದ ಬಳಲುವ ಮಗುವಿಗಾಗಿಯೋ ವಯಸ್ಸಾದ ತಂದೆತಾಯಿಗಾಗಿಯೋ ಸಾವಿರಾರು ರೂಪಾಯಿ ಹೊಂದಿಸಿ ಇಂಥ ಯಂತ್ರವನ್ನು ತರುವ ಕುಟುಂಬಕ್ಕೆ ಬೇಕಾಗಿರುವುದು ಈ ಎರಡನೆಯ ಮಾಹಿತಿ. ಅದು ಹಾಳೆಯ ಗುಣಕ್ಕಿಂತ ಹೆಚ್ಚಾಗಿ ಗಾಳಿಯ ಹರಿವು, ಕೋಣೆಯ ಗಾತ್ರ, ಕಿಟಕಿ ಬಾಗಿಲುಗಳ ಸ್ಥಿತಿ ಮತ್ತು ಮನೆಯೊಳಗೆ ಏನು ಉರಿಯುತ್ತಿದೆ ಎಂಬುದನ್ನು ಅವಲಂಬಿಸಿದೆ.

ಗಾಳಿಯಲ್ಲಿ ತೇಲುವ ಕಣಗಳಲ್ಲಿ ಆರೋಗ್ಯದ ದೃಷ್ಟಿಯಿಂದ ಹೆಚ್ಚು ಅಪಾಯಕಾರಿ ಎನ್ನಿಸಿಕೊಂಡಿರುವುದು ಪಿಎಂ 2.5, ಅಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ ವ್ಯಾಸದ ಕಣಗಳು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಮೂಗು ಮತ್ತು ಗಂಟಲು ತಡೆಯಲಾಗದಷ್ಟು ಸಣ್ಣವಾದ ಈ ಕಣಗಳು ಶ್ವಾಸಕೋಶದ ಕೊನೆಯ ಗಾಳಿಚೀಲಗಳವರೆಗೆ ಇಳಿಯುತ್ತವೆ, ಅವುಗಳಲ್ಲಿ ಅತಿ ಸೂಕ್ಷ್ಮವಾದವು ರಕ್ತಕ್ಕೂ ಸೇರಬಲ್ಲವು; ಹೃದಯದ ಕಾಯಿಲೆಗಳಿಗೂ ಇವುಗಳಿಗೂ ಇರುವ ನಂಟು ಈಗ ದೃಢಪಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ ಪಿಎಂ 2.5ರ ವಾರ್ಷಿಕ ಸರಾಸರಿ ಪ್ರತಿ ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ ಮೀರಬಾರದು. ಭಾರತದಲ್ಲಿ 2009ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಮಾನದಂಡದಲ್ಲಿ ಈ ಮಿತಿ 40 ಮೈಕ್ರೋಗ್ರಾಂ. ಎಂಟು ಪಟ್ಟಿನ ಈ ಅಂತರವನ್ನು ಗಮನಿಸಿದರೆ, ಹೊರಗಿನ ಗಾಳಿ ದೇಶದ ಮಾನದಂಡಕ್ಕೆ ಒಳಪಟ್ಟಿರುವ ಊರುಗಳಲ್ಲಿಯೂ ಮನೆಯೊಳಗಿನ ಗಾಳಿಯ ಬಗ್ಗೆ ನಿಶ್ಚಿಂತೆಯಿಂದಿರಲು ಕಾರಣವಿಲ್ಲ ಎಂಬುದು ಸ್ಪಷ್ಟವಾಗುತ್ತದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರಿನ ಜೊತೆಗೆ ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿಗಳೂ ಸೇರಿವೆ. ಗಾಳಿಯ ಮಾಲಿನ್ಯ ಕೇವಲ ದೆಹಲಿಯ ಸಮಸ್ಯೆ ಎಂಬ ಭಾವನೆ ಕರ್ನಾಟಕದ ಮಟ್ಟಿಗೆ ಸರಿಯಲ್ಲ.

ಹೆಪಾ ಎಂದು ಕರೆಯಲಾಗುವ ಅಧಿಕ ದಕ್ಷತೆಯ ಫಿಲ್ಟರ್ ಮೂಲತಃ ಮನೆಗಾಗಿ ಹುಟ್ಟಿದ್ದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ವಿಷಾನಿಲದ ಮುಖವಾಡಗಳಿಗೆ ಬೇಕಾದ ಸೋಸುವ ಕಾಗದದ ಮೇಲೆ ಸಂಶೋಧನೆ ನಡೆದಿತ್ತು. 1932ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದಿದ್ದ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಹೊಗೆಯ ಕಣಗಳು ಎಳೆಗಳ ನಡುವೆ ಸಿಕ್ಕಿಬೀಳುವ ಬಗೆಗೆ ಆಗ ಸೈದ್ಧಾಂತಿಕ ವಿವರಣೆ ಕೊಟ್ಟರು. ಅದೇ ತಂತ್ರ ಮುಂದೆ ಅಣುಬಾಂಬ್ ಯೋಜನೆಯ ಕಾರ್ಖಾನೆಗಳಿಂದ ವಿಕಿರಣಶೀಲ ಕಣಗಳು ಹೊರಹೋಗದಂತೆ ತಡೆಯಲು ಬಳಕೆಯಾಯಿತು, ಯುದ್ಧಾನಂತರ ಶಸ್ತ್ರಚಿಕಿತ್ಸಾ ಕೊಠಡಿಗಳಿಗೂ ಔಷಧ ಮತ್ತು ಚಿಪ್ ತಯಾರಿಕೆಯ ಸ್ಥಳಗಳಿಗೂ ಹರಡಿ, ಅಂತಿಮವಾಗಿ ಮನೆಯ ಮೂಲೆಯಲ್ಲಿಡುವ ಯಂತ್ರದೊಳಗೆ ಬಂದು ಸೇರಿತು. ಅಮೆರಿಕದ ವ್ಯಾಖ್ಯೆಯ ಪ್ರಕಾರ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಕನಿಷ್ಠ ಶೇಕಡಾ 99.97ರಷ್ಟನ್ನು ಹಿಡಿಯುವ ಫಿಲ್ಟರಿಗೆ ಮಾತ್ರ ಹೆಪಾ ಎಂಬ ಹೆಸರು ಸಲ್ಲುತ್ತದೆ; ಯುರೋಪಿನ ವರ್ಗೀಕರಣದಲ್ಲಿ ಎಚ್ 13 ದರ್ಜೆಗೆ ಈ ಪ್ರಮಾಣ ಶೇಕಡಾ 99.95, ಎಚ್ 14ಕ್ಕೆ ಶೇಕಡಾ 99.995. ‘ಹೆಪಾ ಟೈಪ್’, ‘ಹೆಪಾ ಲೈಕ್’ ಎಂಬ ಹೆಸರುಗಳ ಹಿಂದೆ ಇಂಥ ಯಾವ ಅಳತೆಯೂ ಇಲ್ಲವೆಂಬುದನ್ನು ಕೊಳ್ಳುವವರು ತಿಳಿದಿರಬೇಕು.

ಮಾನದಂಡಕ್ಕೆ 0.3 ಮೈಕ್ರಾನನ್ನೇ ಏಕೆ ಆರಿಸಲಾಯಿತು ಎಂಬುದರಲ್ಲಿ ಈ ತಂತ್ರದ ಸೊಗಸು ಅಡಗಿದೆ. ಫಿಲ್ಟರನ್ನು ಜರಡಿಯಂತೆ ಭಾವಿಸುವುದು ಸಹಜ. ಜರಡಿಯಾದರೆ ಕಣ್ಣಿಗಿಂತ ದೊಡ್ಡದು ಉಳಿಯುತ್ತದೆ, ಚಿಕ್ಕದು ಉದುರಿಹೋಗುತ್ತದೆ. ಹೆಪಾ ಹಾಳೆಯಲ್ಲಿ ನಡೆಯುವುದು ಅದಲ್ಲ. ಅದು ಗಾಜಿನ ಅಥವಾ ಪಾಲಿಪ್ರೊಪಿಲೀನಿನ ಅತಿ ಸಣ್ಣ ಎಳೆಗಳು ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡ ದಟ್ಟ ಪದರ, ಎಳೆಗಳ ನಡುವಿನ ಸಂದುಗಳು ಹಿಡಿಯಬೇಕಾದ ಕಣಗಳಿಗಿಂತ ದೊಡ್ಡವೇ ಇರುತ್ತವೆ. ಒಂದು ಮೈಕ್ರಾನಿಗಿಂತ ದೊಡ್ಡ ಕಣ ತನ್ನ ತೂಕದ ಕಾರಣ, ಗಾಳಿ ಎಳೆಯನ್ನು ಬಳಸಿಕೊಂಡು ತಿರುಗಿದಾಗ ಅದರೊಂದಿಗೆ ತಿರುಗಲಾರದೆ ನೇರವಾಗಿ ಹೋಗಿ ಎಳೆಗೆ ಬಡಿದು ಅಂಟುತ್ತದೆ. ಮಧ್ಯಮ ಗಾತ್ರದ ಕಣ ಗಾಳಿಯ ಜೊತೆಗೇ ತಿರುಗಿದರೂ ಎಳೆಯ ತೀರಾ ಸಮೀಪದಲ್ಲಿ ಸಾಗುವಾಗ ಅದರ ಮೈ ತಗುಲಿ ಸಿಕ್ಕಿಕೊಳ್ಳುತ್ತದೆ. ಒಂದು ಮೈಕ್ರಾನಿನ ಹತ್ತನೆಯ ಒಂದು ಭಾಗಕ್ಕಿಂತ ಸಣ್ಣ ಕಣವನ್ನಾದರೋ ಗಾಳಿಯ ಅಣುಗಳು ಎಲ್ಲ ದಿಕ್ಕಿನಿಂದಲೂ ತಳ್ಳುತ್ತಿರುವುದರಿಂದ ಅದು ನೆಟ್ಟಗೆ ಸಾಗಲಾರದೆ ಅತ್ತಿತ್ತ ಹೊಯ್ದಾಡಿ, ಯಾವುದಾದರೊಂದು ಎಳೆಯನ್ನು ಮುಟ್ಟಿಯೇ ತೀರುತ್ತದೆ. ಬಡಿಯುವಷ್ಟು ಭಾರವೂ ಇಲ್ಲದ, ಹೊಯ್ದಾಡುವಷ್ಟು ಹಗುರವೂ ಅಲ್ಲದ ಗಾತ್ರವೇ ಹೆಚ್ಚುಕಡಿಮೆ 0.3 ಮೈಕ್ರಾನ್, ಅಂದರೆ ತಪ್ಪಿಸಿಕೊಳ್ಳಲು ಅತಿ ಹೆಚ್ಚು ಅವಕಾಶವಿರುವ ಕಣದ ಮೇಲೆ ಪರೀಕ್ಷೆ ನಡೆಸಿ ಪಡೆದ ಅಂಕಿ ಅದು. ಅದಕ್ಕಿಂತ ಸಣ್ಣ ಕಣಗಳನ್ನು ಈ ಫಿಲ್ಟರ್ ಬಿಟ್ಟುಬಿಡುತ್ತದೆ ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ವಾಸ್ತವ ಅದಕ್ಕೆ ವಿರುದ್ಧವಾಗಿದೆ.

ಹಾಳೆ ಇಷ್ಟು ಸಮರ್ಥವಾಗಿದ್ದ ಮೇಲೆ ಕೋಣೆಯ ಗಾಳಿಯೂ ಅಷ್ಟೇ ಶುದ್ಧವಾಗಬೇಕಲ್ಲವೇ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಒಂದು ಸರಳ ಲೆಕ್ಕದಲ್ಲಿ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಮಲಗುವ ಕೋಣೆಯಲ್ಲಿ 1,200 ಘನ ಅಡಿ, ಅಂದರೆ ಸುಮಾರು 34 ಘನ ಮೀಟರ್ ಗಾಳಿ ಇರುತ್ತದೆ. ಯಂತ್ರವೊಂದು ಗಂಟೆಗೆ 170 ಘನ ಮೀಟರ್ ಶುದ್ಧ ಗಾಳಿಯನ್ನು ಕೊಡುವುದಾದರೆ ಅದು ಆ ಕೋಣೆಯ ಗಾಳಿಯನ್ನು ಗಂಟೆಗೆ ಐದು ಸಲ ಸೋಸಿದಂತಾಯಿತು. ಆದರೆ ಬಾಗಿಲು ಕಿಟಕಿಗಳನ್ನು ಮುಚ್ಚಿದರೂ ಸಂದುಗಳಿಂದ ಹೊರಗಿನ ಗಾಳಿ ನುಸುಳುತ್ತಲೇ ಇರುತ್ತದೆ. ಹೀಗೆ ಗಂಟೆಗೊಮ್ಮೆ ಕೋಣೆಯ ಗಾಳಿ ಬದಲಾಗುತ್ತದೆಂದು ಇಟ್ಟುಕೊಂಡರೆ, ಒಂದು ಪಾಲು ಮಲಿನ ಗಾಳಿ ಒಳಬರುವಾಗ ಐದು ಪಾಲು ಗಾಳಿ ಸೋಸಲ್ಪಟ್ಟು, ಒಳಗಿನ ಕಣಗಳ ಮಟ್ಟ ಹೊರಗಿನದರ ಆರನೆಯ ಒಂದು ಭಾಗಕ್ಕೆ ಬಂದು ನಿಲ್ಲುತ್ತದೆ. ಹೊರಗೆ 60 ಮೈಕ್ರೋಗ್ರಾಂ ಇದ್ದರೆ ಒಳಗೆ 10. ಅದೇ ಕೋಣೆಯ ಕಿಟಕಿಯನ್ನು ತೆರೆದಿಟ್ಟು, ಗಂಟೆಗೆ ಹತ್ತು ಸಲ ಹೊರಗಿನ ಗಾಳಿ ಹಾಯುವಂತಾದರೆ, ಅದೇ ಯಂತ್ರ, ಅದೇ ಶೇಕಡಾ 99.97ರ ಹಾಳೆ ಇದ್ದರೂ ಒಳಗಿನ ಮಟ್ಟ 40ಕ್ಕೆ ಏರುತ್ತದೆ. ಹಜಾರದ ಮೂಲೆಯಲ್ಲಿ ಒಂದು ಯಂತ್ರವನ್ನಿಟ್ಟು ಇಡೀ ಮನೆ ಶುದ್ಧವಾಗುತ್ತದೆಂದು ನಂಬುವುದರಲ್ಲಿರುವ ದೋಷವೂ ಇದೇ.

ಈ ಲೆಕ್ಕದಲ್ಲಿ ಬಂದ 170 ಎಂಬ ಸಂಖ್ಯೆಯೇ ಕೊಳ್ಳುವವರು ಮೊದಲು ನೋಡಬೇಕಾದದ್ದು. ಇದಕ್ಕೆ ಸಿಎಡಿಆರ್, ಅಂದರೆ ಯಂತ್ರ ಗಂಟೆಗೆ ಅಥವಾ ನಿಮಿಷಕ್ಕೆ ಒದಗಿಸುವ ಶುದ್ಧ ಗಾಳಿಯ ಪ್ರಮಾಣ ಎಂದು ಹೆಸರು; ಫಿಲ್ಟರಿನ ದಕ್ಷತೆಯನ್ನು ಅದರ ಮೂಲಕ ಹಾಯುವ ಗಾಳಿಯ ಪ್ರಮಾಣದಿಂದ ಗುಣಿಸಿದಾಗ ಹೆಚ್ಚುಕಡಿಮೆ ಇದು ಸಿಗುತ್ತದೆ. ಗಂಟೆಗೆ 100 ಘನ ಮೀಟರ್ ಗಾಳಿಯನ್ನು ಶೇಕಡಾ 99.97ರಷ್ಟು ಸೋಸುವ ಯಂತ್ರಕ್ಕಿಂತ, 200 ಘನ ಮೀಟರ್ ಗಾಳಿಯನ್ನು ಶೇಕಡಾ 90ರಷ್ಟು ಸೋಸುವ ಯಂತ್ರ ಕೋಣೆಯನ್ನು ಹೆಚ್ಚು ಶುದ್ಧಗೊಳಿಸುತ್ತದೆ, ಏಕೆಂದರೆ ಮೊದಲ ಸುತ್ತಿನಲ್ಲಿ ತಪ್ಪಿಸಿಕೊಂಡ ಕಣ ಮುಂದಿನ ಸುತ್ತಿನಲ್ಲಿ ಮತ್ತೆ ಫಿಲ್ಟರಿಗೆ ಎದುರಾಗುತ್ತದೆ. 2020ರಲ್ಲಿ ಅಮೆರಿಕದ ರಿಚರ್ಡ್ ಕೋರ್ಸಿ ಮತ್ತು ಜಿಮ್ ರೋಸೆಂತಾಲ್ ಎಂಬ ಇಬ್ಬರು ರೂಪಿಸಿದ, ಒಂದು ಸಾಧಾರಣ ಪೆಟ್ಟಿಗೆ ಫ್ಯಾನಿನ ಸುತ್ತ ಮರ್ವ್ 13 ದರ್ಜೆಯ ಫಿಲ್ಟರುಗಳನ್ನು ಟೇಪಿನಿಂದ ಅಂಟಿಸಿದ ಉಪಕರಣ ಈ ತತ್ವದ ಮೇಲೆಯೇ ನಿಂತಿದೆ. ಮರ್ವ್ ಎಂಬುದು ಹೆಪಾಕ್ಕಿಂತ ಕೆಳಗಿನ ಫಿಲ್ಟರುಗಳನ್ನು ಅಳೆಯುವ ಶ್ರೇಣಿ. ಅದರ 13ನೆಯ ದರ್ಜೆಯ ಫಿಲ್ಟರ್ 0.3ರಿಂದ 1 ಮೈಕ್ರಾನ್ ವರೆಗಿನ ಕಣಗಳಲ್ಲಿ ಕನಿಷ್ಠ ಅರ್ಧದಷ್ಟನ್ನು ಹಿಡಿದರೆ ಸಾಕು. ಹಾಗಿದ್ದೂ ಅದರ ಮೂಲಕ ಧಾರಾಳವಾಗಿ ಗಾಳಿ ಹರಿಯುವುದರಿಂದ, ಕಡಿಮೆ ವೆಚ್ಚದ ಆ ಪೆಟ್ಟಿಗೆ ಕೋವಿಡ್ ಕಾಲದಲ್ಲಿ ಅನೇಕ ಶಾಲಾ ಕೊಠಡಿಗಳಲ್ಲಿ ದುಬಾರಿ ಯಂತ್ರಗಳ ಕೆಲಸವನ್ನು ಮಾಡಿತು. ದುಡ್ಡಿಲ್ಲದವರಿಗೂ ಶುದ್ಧ ಗಾಳಿ ಸಿಗಬೇಕೆಂದು ಯೋಚಿಸುವವರೆಲ್ಲ ಗಮನಿಸಬೇಕಾದ ಆವಿಷ್ಕಾರ ಇದು.

ಪೆಟ್ಟಿಗೆಯ ಮೇಲೆ ನಮೂದಾಗುವ ಸಿಎಡಿಆರ್ ಸಾಮಾನ್ಯವಾಗಿ ಯಂತ್ರದ ಅತ್ಯಧಿಕ ವೇಗಕ್ಕೆ ಸಂಬಂಧಿಸಿದ್ದು ಎಂಬುದನ್ನೂ ಇಲ್ಲಿ ಸೇರಿಸಬೇಕು. ಆ ವೇಗದ ಸದ್ದಿನಲ್ಲಿ ನಿದ್ದೆ ಬಾರದೆ ರಾತ್ರಿ ಅತಿ ಕಡಿಮೆ ವೇಗಕ್ಕೆ ಇಳಿಸಿದರೆ, ಶುದ್ಧ ಗಾಳಿಯ ಪ್ರಮಾಣವೂ ಅದರೊಂದಿಗೆ ಬಹಳವಾಗಿ ಕುಸಿಯುತ್ತದೆ. ಆದ್ದರಿಂದ ಕೋಣೆಯ ಅಗತ್ಯಕ್ಕಿಂತ ತುಸು ದೊಡ್ಡ ಯಂತ್ರವನ್ನು ಕೊಂಡು ಮಧ್ಯಮ ವೇಗದಲ್ಲಿ ನಡೆಸುವುದು ಜಾಣತನ. ಮೇಲಿನ ಉದಾಹರಣೆಯ ಕೋಣೆಯಲ್ಲಿ ಯಂತ್ರ ತನ್ನ ಪೂರ್ಣ ಪರಿಣಾಮಕ್ಕೆ ಹತ್ತಿರವಾಗಲು ಅರ್ಧ ಗಂಟೆ ಸಾಕು, ನಿಲ್ಲಿಸಿದ ಮೇಲೆ ಒಂದೆರಡು ಗಂಟೆಗಳಲ್ಲಿ ಗಾಳಿ ಬಹುಮಟ್ಟಿಗೆ ಹಿಂದಿನ ಸ್ಥಿತಿಗೆ ಮರಳುತ್ತದೆ. ಹಗಲೆಲ್ಲ ಖಾಲಿ ಕೋಣೆಯಲ್ಲಿ ಓಡಿಸುವುದರಿಂದ ಲಾಭವಿಲ್ಲ. ಮಲಗುವ ಅರ್ಧ ಗಂಟೆ ಮೊದಲು ಚಾಲೂ ಮಾಡಿ ರಾತ್ರಿಯಿಡೀ ನಡೆಸಿದರೆ ಲಾಭವಿದೆ.

ಲಾಭ ದೇಹದಲ್ಲಿಯೂ ಕಾಣುತ್ತದೆಯೇ ಎಂಬುದಕ್ಕೆ 2015ರಲ್ಲಿ ಪ್ರಕಟವಾದ ಚೀನಾದ ಶಾಂಘೈ ನಗರದ ಅಧ್ಯಯನವೊಂದು ಉಪಯುಕ್ತ. ಆರೋಗ್ಯವಂತರಾದ 35 ಮಂದಿ ಕಾಲೇಜು ವಿದ್ಯಾರ್ಥಿಗಳು ತಮ್ಮ ಹಾಸ್ಟೆಲ್ ಕೋಣೆಗಳಲ್ಲಿ 48 ಗಂಟೆಗಳ ಕಾಲ ನಿಜವಾದ ಯಂತ್ರದೊಂದಿಗೂ, ಇನ್ನೊಮ್ಮೆ ಫಿಲ್ಟರಿಲ್ಲದ ತೋರಿಕೆಯ ಯಂತ್ರದೊಂದಿಗೂ ಇದ್ದರು. ಯಾವುದು ಯಾವಾಗ ಎಂಬುದು ಅವರಿಗೆ ತಿಳಿದಿರಲಿಲ್ಲ. ನಿಜವಾದ ಫಿಲ್ಟರ್ ಇದ್ದಾಗ ಕೋಣೆಯ ಪಿಎಂ 2.5 ಶೇಕಡಾ 57ರಷ್ಟು ಕಡಿಮೆಯಾಯಿತು, ಅದರ ಜೊತೆಗೆ ರಕ್ತದೊತ್ತಡವೂ ಉರಿಯೂತವನ್ನು ಸೂಚಿಸುವ ರಕ್ತದ ಕೆಲವು ಅಂಶಗಳೂ ಇಳಿದವು. ಎರಡು ದಿನಗಳ ಇಳಿಕೆಯಿಂದ ಆಯುಷ್ಯ ಹೆಚ್ಚುತ್ತದೆಂದು ತೀರ್ಮಾನಿಸುವುದು ತಪ್ಪಾದೀತು, ಆದರೆ ಎಳೆಯ ವಯಸ್ಸಿನ ಆರೋಗ್ಯವಂತ ದೇಹ ಕೂಡ ಗಾಳಿಯ ಬದಲಾವಣೆಗೆ ಇಷ್ಟು ಬೇಗ ಸ್ಪಂದಿಸುತ್ತದೆ ಎಂಬುದು ಸಣ್ಣ ಮಾತಲ್ಲ.

ಕೋಣೆಯನ್ನು ಮುಚ್ಚಿದರೆ ಫಿಲ್ಟರ್ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬ ಸತ್ಯದ ಬೆನ್ನಿಗೇ ಒಂದು ತೊಡಕು ಬರುತ್ತದೆ. ಹೆಪಾ ಹಿಡಿಯುವುದು ಕಣಗಳನ್ನು ಮಾತ್ರ, ಅನಿಲಗಳನ್ನಲ್ಲ. ಇಬ್ಬರು ಮಲಗಿದ ಮುಚ್ಚಿದ ಕೋಣೆಯಲ್ಲಿ ಉಸಿರಿನಿಂದ ಹೊರಬರುವ ಇಂಗಾಲದ ಡೈಆಕ್ಸೈಡ್ ಬೆಳಗಾಗುವಷ್ಟರಲ್ಲಿ ಹೊರಗಿನ ಮಟ್ಟದ ಹಲವು ಪಟ್ಟು ಏರುತ್ತದೆ, ಪ್ಯೂರಿಫೈಯರ್ ಅದನ್ನು ಕಿಂಚಿತ್ತೂ ತಗ್ಗಿಸುವುದಿಲ್ಲ. ಮನೆಗಳಲ್ಲಿ ಸಾಮಾನ್ಯವಾಗಿರುವ ಸ್ಪ್ಲಿಟ್ ಎಸಿ ಕೂಡ ಹೊರಗಿನಿಂದ ಹೊಸ ಗಾಳಿಯನ್ನು ತರುವುದಿಲ್ಲ. ಕೋಣೆಯ ಗಾಳಿಯನ್ನೇ ಮತ್ತೆ ಮತ್ತೆ ತಂಪಾಗಿಸುತ್ತದೆ, ಅದರ ಬಲೆಯಂಥ ಫಿಲ್ಟರ್ ದಪ್ಪ ಧೂಳನ್ನಷ್ಟೇ ತಡೆಯುತ್ತದೆ. ಇದಕ್ಕೆ ಪರಿಹಾರವೂ ಮೇಲಿನ ಲೆಕ್ಕದಲ್ಲಿಯೇ ಇದೆ: ಕಿಟಕಿಯನ್ನು ಸ್ವಲ್ಪ ತೆರೆದು ಗಂಟೆಗೆ ಎರಡು ಸಲ ಗಾಳಿ ಬದಲಾಗುವಂತೆ ಬಿಟ್ಟು, ಗಂಟೆಗೆ ಹತ್ತು ಸಲ ಸೋಸುವ ಸಾಮರ್ಥ್ಯದ ಯಂತ್ರವನ್ನು ಬಳಸಿದರೆ ಆರನೆಯ ಒಂದು ಭಾಗದ ಮಟ್ಟ ಹಾಗೆಯೇ ಉಳಿಯುತ್ತದೆ. ಅದು ಸಾಧ್ಯವಿಲ್ಲದಲ್ಲಿ, ಬಿಸಿಲೇರಿ ನೆಲದ ಮೇಲಿನ ಗಾಳಿ ಮೇಲೆದ್ದು ಹೊಗೆ ಚದುರುವ ಮಧ್ಯಾಹ್ನದ ಹೊತ್ತಿನಲ್ಲಿ ಮನೆಯನ್ನೆಲ್ಲ ತೆರೆದು, ಚಳಿಗಾಲದ ರಾತ್ರಿ ಮತ್ತು ಮುಂಜಾವಿನಲ್ಲಿ ಮುಚ್ಚುವುದು ಉಳಿದ ದಾರಿ. ಹಂಚಿನ ಮಾಡಿನ, ಗವಾಕ್ಷಿಗಳಿರುವ ಹಳೆಯ ಮನೆಗಳಲ್ಲಿ ಗಾಳಿ ಸದಾ ಆಡುತ್ತಿರುವುದರಿಂದ ಪ್ಯೂರಿಫೈಯರ್ ಅಲ್ಲಿ ಹೆಚ್ಚು ಪ್ರಯೋಜನಕ್ಕೆ ಬಾರದು, ಅಂಥ ಮನೆಗಳಿರುವ ಎಷ್ಟೋ ಊರುಗಳಲ್ಲಿ ಅದರ ಅಗತ್ಯವೂ ಇಲ್ಲ.

ಅನಿಲಗಳ ವಿಷಯಕ್ಕೆ ಬಂದರೆ, ಹೊಸ ಪ್ಲೈವುಡ್ ಮತ್ತು ಬಣ್ಣಗಳಿಂದ ಹೊರಡುವ ಫಾರ್ಮಾಲ್ಡಿಹೈಡ್‌ನಂಥ ಆವಿಗಳು, ಗ್ಯಾಸ್ ಒಲೆಯ ಜ್ವಾಲೆಯಿಂದ ಹುಟ್ಟುವ ನೈಟ್ರೋಜನ್ ಡೈಆಕ್ಸೈಡ್ ಇವೆಲ್ಲ ಹೆಪಾವನ್ನು ಸರಾಗವಾಗಿ ದಾಟುತ್ತವೆ. ಆವಿಗಳನ್ನು ಹೀರಲು ಸಕ್ರಿಯ ಇದ್ದಿಲಿನ ಪದರ ಬೇಕು, ಅದೂ ತೂಕವಿರುವಷ್ಟು ಬೇಕು. ಅನೇಕ ಯಂತ್ರಗಳಲ್ಲಿರುವ, ಇದ್ದಿಲ ಪುಡಿಯನ್ನು ಲೇಪಿಸಿದ ತೆಳು ಬಲೆ ಬೇಗನೆ ತುಂಬಿಹೋಗುತ್ತದೆ. ಓಝೋನ್ ಉತ್ಪಾದಿಸಿ ಗಾಳಿಯನ್ನು ತಾಜಾಗೊಳಿಸುವ ಯಂತ್ರಗಳನ್ನು ಮನೆಯೊಳಗೆ ತರಲೇಬಾರದು, ಏಕೆಂದರೆ ಓಝೋನ್ ಸ್ವತಃ ಶ್ವಾಸಕೋಶವನ್ನು ಕೆರಳಿಸುವ ಅನಿಲ. ಕುಂಡದ ಗಿಡಗಳು ಗಾಳಿಯನ್ನು ಶುದ್ಧಗೊಳಿಸುತ್ತವೆಂಬ ನಂಬಿಕೆಯ ಮೂಲ 1989ರ ನಾಸಾ ವರದಿ. ಆ ಪ್ರಯೋಗ ನಡೆದದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಯೊಳಗೆ. ಅಂಥ ಪ್ರಯೋಗಗಳ ಫಲಿತಾಂಶಗಳನ್ನು ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಒಟ್ಟುಗೂಡಿಸಿ ಲೆಕ್ಕಹಾಕಿದಾಗ, ಕಟ್ಟಡದ ಸಾಮಾನ್ಯ ಗಾಳಿಯಾಟಕ್ಕೆ ಸಮನಾಗಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡಗಳು ಬೇಕಾಗುತ್ತವೆಂದು ತಿಳಿದುಬಂತು. ಗಿಡಗಳನ್ನು ಕಣ್ಣಿನ ತಂಪಿಗಾಗಿ ಬೆಳೆಸಬಹುದು, ಶ್ವಾಸಕೋಶದ ಹೊಣೆಯನ್ನು ಅವುಗಳ ಮೇಲೆ ಹೊರಿಸುವಂತಿಲ್ಲ.

ಇದುವರೆಗಿನ ಲೆಕ್ಕವೆಲ್ಲ ಮಾಲಿನ್ಯ ಹೊರಗಿನಿಂದ ಬರುತ್ತದೆಂದು ಭಾವಿಸಿದ್ದು. ಮನೆಯೊಳಗೇ ಏನಾದರೂ ಉರಿಯುತ್ತಿದ್ದರೆ ಚಿತ್ರ ಬದಲಾಗುತ್ತದೆ. ಒಂದು ಸೊಳ್ಳೆ ಬತ್ತಿಯ ಸುರುಳಿ ಪೂರ್ತಿ ಉರಿದಾಗ ಹೊರಬೀಳುವ ಪಿಎಂ 2.5ರ ಪ್ರಮಾಣ 75ರಿಂದ 137 ಸಿಗರೇಟುಗಳಿಗೆ ಸಮ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮಗುವಿನ ತೊಟ್ಟಿಲ ಬಳಿ ರಾತ್ರಿಯಿಡೀ ಸುರುಳಿ ಉರಿಸಿ, ಪಕ್ಕದಲ್ಲಿಯೇ ಪ್ಯೂರಿಫೈಯರ್ ನಡೆಸುವುದು ಹಣವನ್ನೂ ಆರೋಗ್ಯವನ್ನೂ ಒಟ್ಟಿಗೆ ಕಳೆದುಕೊಳ್ಳುವ ದಾರಿ. ಆ ಕೋಣೆಗೆ ಬೇಕಾಗಿರುವುದು ಸೊಳ್ಳೆ ಪರದೆ ಮತ್ತು ಕಿಟಕಿಗೆ ಜಾಲರಿ. ಊದುಬತ್ತಿ, ಸಾಂಬ್ರಾಣಿ, ಕರ್ಪೂರಗಳ ಹೊಗೆಯೂ ಸೂಕ್ಷ್ಮ ಕಣಗಳ ಹೊಗೆಯೇ. ಪೂಜೆಯನ್ನು ಬಿಡಬೇಕೆಂದು ಇದರ ಅರ್ಥವಲ್ಲ, ಆದರೆ ಮುಚ್ಚಿದ ಸಣ್ಣ ದೇವರ ಕೋಣೆಯಲ್ಲಿ ಕಟ್ಟುಗಟ್ಟಲೆ ಹಚ್ಚುವ ಬದಲು ಒಂದೇ ಬತ್ತಿಯನ್ನು ಕಿಟಕಿ ತೆರೆದು ಹಚ್ಚಿದರೆ ಭಕ್ತಿಗೆ ಕೊರತೆಯಾಗದು. ಒಗ್ಗರಣೆಯ ಘಾಟು, ಕರಿಯುವ ಎಣ್ಣೆಯ ಹೊಗೆ ಇವುಗಳಿಗೆ ತಕ್ಕ ಉಪಾಯ ಒಲೆಯ ಮೇಲಿನ ಚಿಮಣಿ ಅಥವಾ ಗೋಡೆಯ ಎಕ್ಸಾಸ್ಟ್ ಫ್ಯಾನ್. ಚಿಮಣಿಯ ಕೊಳವೆ ಮನೆಯ ಹೊರಗೆ ತೆರೆದುಕೊಂಡಿರಬೇಕು, ಗಾಳಿಯನ್ನು ಸೋಸಿ ಮತ್ತೆ ಅಡುಗೆಮನೆಗೇ ಬಿಡುವ ಬಗೆಯದಾಗಬಾರದು. ಎಣ್ಣೆಯ ಹೊಗೆ ಪ್ಯೂರಿಫೈಯರಿನ ಫಿಲ್ಟರನ್ನೂ ಬಹಳ ಬೇಗ ಹಾಳುಮಾಡುತ್ತದೆ.

ಸೌದೆ ಒಲೆಯ ಮನೆಗಳ ಸ್ಥಿತಿ ಇನ್ನೂ ಗಂಭೀರ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 1980ರ ದಶಕದ ಆರಂಭದಲ್ಲಿ ಸಂಶೋಧಕ ಕರ್ಕ್ ಸ್ಮಿತ್ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರ ಮೈಮೇಲೆಯೇ ಅಳತೆಯ ಉಪಕರಣಗಳನ್ನಿರಿಸಿ ಈ ಹೊಗೆಯನ್ನು ಅಳೆಯುವವರೆಗೆ, ವಾಯುಮಾಲಿನ್ಯವೆಂದರೆ ಕಾರ್ಖಾನೆ ಮತ್ತು ವಾಹನಗಳ ಹೊಗೆ ಎಂದೇ ವಿಜ್ಞಾನವೂ ಸರ್ಕಾರಗಳೂ ಬಹುಮಟ್ಟಿಗೆ ಭಾವಿಸಿದ್ದವು. ಕರ್ನಾಟಕದಲ್ಲಿ ಇದೇ ಸಮಸ್ಯೆಗೆ ಉತ್ತರ ಹುಡುಕಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು, ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಅಲ್ಲಿ ಆರಂಭವಾದ ಅಸ್ತ್ರ ಕೇಂದ್ರದಿಂದ ಹೊರಬಂದ ಅಸ್ತ್ರ ಒಲೆ, ಕಡಿಮೆ ಸೌದೆಯಲ್ಲಿ ಒಂದಕ್ಕಿಂತ ಹೆಚ್ಚು ಪಾತ್ರೆಗಳನ್ನು ಕಾಯಿಸಿ ಹೊಗೆಯನ್ನು ಕೊಳವೆಯ ಮೂಲಕ ಮಾಡಿನಾಚೆಗೆ ಕಳುಹಿಸುತ್ತಿತ್ತು. ಸೌದೆ ಉರಿಯುವ ಕೋಣೆಯಲ್ಲಿ ಎಷ್ಟೇ ದೊಡ್ಡ ಹೆಪಾ ಯಂತ್ರವಿದ್ದರೂ ಅದು ಕೆಲವೇ ದಿನಗಳಲ್ಲಿ ಕಟ್ಟಿಕೊಳ್ಳುತ್ತದೆ. ಅಲ್ಲಿ ಕೊಳವೆ ಮತ್ತು ಸ್ವಚ್ಛ ಇಂಧನ ಮಾತ್ರ ಪರಿಹಾರ. ಅಡುಗೆಗೆ ಗ್ಯಾಸ್ ಬಂದ ಮೇಲೂ ಬಚ್ಚಲುಮನೆಯ ಹಂಡೆಯ ಕೆಳಗೆ ಸೌದೆ ಉರಿಯುವ ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ, ಆ ಹೊಗೆ ಒಳಮನೆಗೆ ನುಗ್ಗದಂತೆ ನೋಡಿಕೊಳ್ಳುವುದು ಯಾವ ಯಂತ್ರಕ್ಕಿಂತಲೂ ಮೊದಲಿನ ಕೆಲಸ.

ಹಾಗಾದರೆ ಫಿಲ್ಟರ್ ನಿಜವಾಗಿ ಸಲ್ಲುವುದು ವಾಹನ ದಟ್ಟಣೆಯ ರಸ್ತೆಗೆ ಅಥವಾ ಕಸ ಸುಡುವ ಬಯಲಿಗೆ ಹತ್ತಿರದ ಮನೆಯಲ್ಲಿ, ದೀಪಾವಳಿಯ ರಾತ್ರಿಗಳಲ್ಲಿ, ಅಸ್ತಮಾ ಅಥವಾ ಹೃದಯದ ತೊಂದರೆ ಇರುವವರು ಮಲಗುವ ಒಂದು ಕೋಣೆಯಲ್ಲಿ. ಬೆಂಗಳೂರಿನಲ್ಲಿ ಅನೇಕರ ಮೂಗನ್ನು ಕೆರಳಿಸುವ ಕಾಂಗ್ರೆಸ್ ಗಿಡದ ಪರಾಗವನ್ನೂ ಅದು ಸುಲಭವಾಗಿ ಹಿಡಿಯುತ್ತದೆ. ಯಂತ್ರವನ್ನು ಪರದೆಯ ಹಿಂದೆಯೋ ಮಂಚದ ಕೆಳಗೋ ತುರುಕದೆ ಗೋಡೆಯಿಂದ ಒಂದಡಿಯಾದರೂ ದೂರವಿಟ್ಟರೆ ಗಾಳಿ ಸರಾಗವಾಗಿ ಆಡುತ್ತದೆ.

ಕೊಂಡ ಮೇಲಿನ ನಿರ್ವಹಣೆಯಲ್ಲಿ ಬಹುತೇಕ ಮನೆಗಳು ಸೋಲುತ್ತವೆ. ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ನಲ್ಲಿ, ಕಲ್ಲಿದ್ದಲ ಹೊಗೆಯಿಂದ ಚಳಿಗಾಲದುದ್ದಕ್ಕೂ ಕವಿದುಕೊಳ್ಳುವ ನಗರದಲ್ಲಿ, 540 ಮಂದಿ ಗರ್ಭಿಣಿಯರನ್ನೊಳಗೊಂಡ ಅಧ್ಯಯನವೊಂದು ಹೆಪಾ ಯಂತ್ರಗಳ ಪರಿಣಾಮವನ್ನು ನಿಜವಾದ ಮನೆಗಳಲ್ಲಿ ಪರೀಕ್ಷಿಸಿತು. ಯಂತ್ರ ಇಟ್ಟ ಹೊಸದರಲ್ಲಿ ಮನೆಯ ಪಿಎಂ 2.5 ಸುಮಾರು ಶೇಕಡಾ 40ರಷ್ಟು ಇಳಿದರೆ, ಐದು ತಿಂಗಳ ಬಳಕೆಯ ನಂತರ ಆ ಇಳಿಕೆ ಶೇಕಡಾ 15ಕ್ಕೆ ಬಂದಿತ್ತು. ಧೂಳು ತುಂಬಿದ ಹಾಳೆ ಹಿಡಿಯುವುದನ್ನು ನಿಲ್ಲಿಸದಿದ್ದರೂ ತನ್ನ ಮೂಲಕ ಗಾಳಿ ಹಾಯಲು ಬಿಡುವುದಿಲ್ಲ, ವಿದ್ಯುದಾವೇಶ ಕೊಟ್ಟ ಪಾಲಿಪ್ರೊಪಿಲೀನ್ ಎಳೆಗಳಾದರೆ ಕಾಲಕ್ರಮೇಣ ಆ ಆವೇಶವನ್ನೇ ಕಳೆದುಕೊಂಡು ಸಪ್ಪೆಯಾಗುತ್ತವೆ. ತೊಳೆಯಬಹುದಾದದ್ದು ಮುಂದಿನ ದಪ್ಪ ಧೂಳಿನ ಬಲೆ ಮಾತ್ರ. ಹೆಪಾ ಹಾಳೆಯನ್ನು ನೀರಿನಲ್ಲಿ ತೊಳೆದರೆ ಎಳೆಗಳ ಹೆಣಿಗೆ ಕೆಡುತ್ತದೆ, ಬಡಿದು ಕೊಡವಿದರೆ ತಿಂಗಳುಗಟ್ಟಲೆ ಹಿಡಿದಿಟ್ಟ ಧೂಳು ಮತ್ತೆ ಮನೆಯೊಳಗೇ ಹರಡುತ್ತದೆ. ಆದ್ದರಿಂದ ಯಂತ್ರದ ಬೆಲೆಯನ್ನು ವಿಚಾರಿಸುವಾಗಲೇ ಬದಲಿ ಫಿಲ್ಟರಿನ ಬೆಲೆ ಎಷ್ಟು, ಅದು ಎಷ್ಟು ತಿಂಗಳಿಗೊಮ್ಮೆ ಬೇಕು, ಊರಿನ ಅಂಗಡಿಯಲ್ಲಿ ಅಥವಾ ಅಂಚೆಯಲ್ಲಿ ನಾಲ್ಕು ವರ್ಷಗಳ ನಂತರವೂ ಸಿಗುತ್ತದೆಯೇ ಎಂಬುದನ್ನು ಕೇಳಿ ತಿಳಿದು, ಆ ವಾರ್ಷಿಕ ಖರ್ಚನ್ನು ಹೊರಲು ಸಾಧ್ಯವಿದ್ದರೆ ಮಾತ್ರ ಕೊಳ್ಳುವುದು ಸರಿ; ಅದೇ ಹಣದಲ್ಲಿ ಅಡುಗೆಮನೆಗೆ ಒಂದು ಎಕ್ಸಾಸ್ಟ್ ಫ್ಯಾನ್ ಮತ್ತು ಕಿಟಕಿಗಳಿಗೆಲ್ಲ ಸೊಳ್ಳೆ ಜಾಲರಿ ಇನ್ನೂ ಬಂದಿಲ್ಲದಿದ್ದರೆ, ಮೊದಲು ಅವು ಬರಬೇಕು.